ಗೆರೆಗೆ ಒಂದು ಗೇಣು ಕಡಿಮೆ

ಕಾಚಿಗೂಡ

ಕಾಚಿಗೂಡ ಸ್ಟೇಷನ್ನಿನಲ್ಲಿ ಇಳಿದು ಐದು ನಿಮಿಷವಾಗಿರಲಿಲ್ಲ, ಒಬ್ಬರು ನನ್ನ ಗಾದಿಯನ್ನು ಕೊಳ್ಳಲು ಬಂದರು.

ನನ್ನ ಬೆನ್ನ ಮೇಲಿದ್ದದ್ದು ಬಂಡೆ ಹತ್ತುವವರು ಕೆಳಗೆ ಹಾಸಿಕೊಳ್ಳುವ ದಪ್ಪನೆಯ ಗಾದಿ. ಕೈ ಜಾರಿದರೆ ಅದರ ಮೇಲೆ ಬೀಳಬೇಕು. ಮಡಚಿ ಪಟ್ಟಿ ಬಿಗಿದರೆ ಚೀಲದಂತೆ ಹೊರಬಹುದು. ಬೇರೆಯವರು ಹೊತ್ತರೆ ಅದು ಸೊಂಟದಿಂದ ತಲೆಯವರೆಗೆ ಬರುತ್ತದೆ. ನಾನು ಹೊತ್ತರೆ ಮೊಣಕಾಲ ಹಿಂದಿನಿಂದ ಶುರುವಾಗಿ ತಲೆಯ ಮೇಲೂ ಒಂದಿಷ್ಟು ಉಳಿಯುತ್ತದೆ. ಹಿಂದಿನಿಂದ ನೋಡಿದವರಿಗೆ ಗಾದಿಗೇ ಕಾಲು ಬಂದು ಪ್ಲಾಟ್‌ಫಾರ್ಮಿನ ಮೇಲೆ ನಡೆದು ಹೊರಟಂತೆ ಕಂಡಿರಬೇಕು.

“ಗಾದಿ ಬೇಚ್ತೇ ಕ್ಯಾ ಅಮ್ಮಾ?” ಎಂದು ಕೇಳಿದ ಆ ಹಿರಿಯರು ನನ್ನ ಮುಖ ಎಲ್ಲಿದೆ ಎಂದು ಒಂದು ಸುತ್ತು ಬಂದು ಹುಡುಕಿದರು. ಇದು ಮಾರುವುದಲ್ಲ, ಬೀಳುವುದಕ್ಕೆ ತಂದದ್ದು ಎಂದು ನನಗೆ ಬರುವ ಹಿಂದಿಯಲ್ಲಿ ಹೇಳಿದೆ. ಅವರು ಗಡ್ಡ ನೀವಿಕೊಂಡು, “ಗಿರ್ನೇ ಕೇ ವಾಸ್ತೇ ಇತ್ತೀ ದೂರ್ ಆಯೇ?” ಎಂದರು. ಬೀಳುವುದಕ್ಕೆ ಇಷ್ಟು ದೂರ ಬಂದಿರಾ! ನಾನು ಗಾದಿಯ ಪಟ್ಟಿ ಬಿಗಿದುಕೊಂಡು ಹೊರಟೆ.

ನಮ್ಮವ್ವನ ಲೆಕ್ಕದಲ್ಲಿ ಗುಂತಕಲ್ ದಾಟಿದ್ದೆಲ್ಲ ಪರದೇಶ. ಅಲ್ಲಿ ಗಾಡಿ ಬದಲಿಸಿ ಬಂದವಳು ನಾನು. ಹೆಸರು ಶಕುಂತಲಾ, ವಯಸ್ಸು ನಲವತ್ತನಾಲ್ಕು, ಬಾದಾಮಿಯ ಹತ್ತಿರದ ಒಂದು ಶಾಲೆಯಲ್ಲಿ ದೈಹಿಕ ಶಿಕ್ಷಕಿ. ಎತ್ತರ ನಾಲ್ಕು ಅಡಿ ಹತ್ತು ಅಂಗುಲ, ಅದೂ ಬೆಳಿಗ್ಗೆ ಎದ್ದ ಕೂಡಲೇ ಅಳೆದರೆ. ನಮ್ಮೂರಿನ ಕೆಂಪು ಬಂಡೆಗಳನ್ನು ಹತ್ತುವುದನ್ನು ತಡವಾಗಿ ಕಲಿತೆ. ಈಗ ಶಾಲೆಯ ಹುಡುಗಿಯರಿಗೂ ಕಲಿಸುತ್ತೇನೆ. ಹೈದರಾಬಾದಿನ ಬೂದು ಬಂಡೆಗಳನ್ನು ಒಮ್ಮೆ ಮುಟ್ಟಿ ನೋಡಬೇಕೆಂಬ ಆಸೆ ಬಹಳ ವರ್ಷದ್ದು.

ಚೀಲದಲ್ಲಿ ಒಂದು ಪಟ್ಟಿಯೂ ಇತ್ತು. ಹತ್ತುವ ಸ್ಪರ್ಧೆಗೆ ನಮ್ಮ ಶಾಲೆಯಿಂದ ಹೋಗುವ ಹುಡುಗಿಯರ ಪಟ್ಟಿ. ಸೋಮವಾರ ಊರಿಗೆ ಮರಳಿ ಅದನ್ನು ಕಳಿಸಬೇಕಿತ್ತು. ಐದು ಹೆಸರಿಗೆ ಜಾಗ, ನಾನು ಬರೆದದ್ದು ನಾಲ್ಕು. ಐದನೆಯದು ರೇಣುಕಾಳದ್ದಾಗಬಹುದಿತ್ತು. ಒಂಬತ್ತನೆಯ ತರಗತಿಯ ಈ ಹುಡುಗಿ ಬಂಡೆಯ ಮೇಲೆ ಕಾಲಿಟ್ಟರೆ ಸದ್ದೇ ಆಗುವುದಿಲ್ಲ. ಆದರೆ ಆಟದ ಸಾಮಾನಿಡುವ ಶೆಡ್ಡಿನ ಗೋಡೆಯ ಮೇಲೆ ನಾನೊಂದು ಸೀಮೆಸುಣ್ಣದ ಬಿಳಿ ಗೆರೆ ಎಳೆದಿದ್ದೇನೆ. ಹಿಮ್ಮಡಿ ಎತ್ತದೆ ಕೈ ಚಾಚಿ ಆ ಗೆರೆ ಮುಟ್ಟಿದವರಿಗೆ ಮಾತ್ರ ತಂಡದಲ್ಲಿ ಜಾಗ. ರೇಣುಕಾಳಿಗೆ ಅದು ಒಂದು ಗೇಣು ಕಡಿಮೆ ಬೀಳುತ್ತದೆ.

ಹೊರಡುವ ಹಿಂದಿನ ದಿನ ಅವಳು ಬಂದು, “ಟೀಚರ್, ಈ ಸಲಾನೂ ಇಲ್ಲೇನ್ರಿ?” ಎಂದು ಕೇಳಿದ್ದಳು.

“ಮುಂದಿನ ವರ್ಷ ಬೆಳದಿರ್ತಿ ಬಿಡು,” ಎಂದಿದ್ದೆ. ಹೋದ ವರ್ಷವೂ ಅದನ್ನೇ ಹೇಳಿದ್ದೆ.

ಉಪ್ಪಲ್

ವನಜಕ್ಕ ನನ್ನ ದೊಡ್ಡವ್ವನ ಮಗಳು. ಭಾವನವರ ಕೇಂದ್ರ ಸರ್ಕಾರದ ನೌಕರಿಯ ಕಾರಣದಿಂದ ಮೂವತ್ತು ವರ್ಷದಿಂದ ಹೈದರಾಬಾದಿನಲ್ಲೇ ಇದ್ದಾಳೆ. ಬಾಗಿಲು ತೆರೆದವಳೇ ಗಾದಿ ನೋಡಿ ಸೊಂಟದ ಮೇಲೆ ಕೈಯಿಟ್ಟಳು.

“ಏನೇ ಶಕ್ಕು, ನಮ್ಮನ್ಯಾಗ ಹಾಸಗಿ ಇಲ್ಲಂತ ತಿಳಕೊಂಡೀಯೇನು? ಗಾದಿ ಹೊತ್ತಗೊಂಡು ಬಂದೀಯಲ್ಲ!”

ನಾನು ವಿವರಿಸಿದೆ. ಅವಳಿಗೆ ಅರ್ಧ ತಿಳಿಯಿತು, ಅರ್ಧ ಬಿಟ್ಟಳು. “ಪರವಾಲೇದು, ಬಾಲ್ಕನ್ಯಾಗ ಇಡು. ಮೊದ್ಲ ಚಾ ಕುಡಿ,” ಎಂದಳು. ಅವಳ ಕನ್ನಡ ಧಾರವಾಡದ್ದೇ, ನಡುನಡುವೆ ತೆಲುಗು ತಾನಾಗಿ ಬಂದು ಕೂರುತ್ತದೆ. ಕೆಳಗೆ ತರಕಾರಿಯವನ ಜೊತೆ ಪೂರಾ ತೆಲುಗು, ವಾಚ್‌ಮನ್ ಜೊತೆ ಹಿಂದಿ, ಬಾಗಿಲು ಮುಚ್ಚಿದ ಕೂಡಲೇ ಮತ್ತೆ “ಐತಿ”, “ಹೌದಲ್ಲೊ”. ಒಂದೇ ನಾಲಿಗೆಯಲ್ಲಿ ಮೂರು ಊರು ಇಟ್ಟುಕೊಂಡಿರುವುದು ನನಗೆ ಬೆರಗು. ನಾನು ಬಾದಾಮಿಯಿಂದ ಬೆಂಗಳೂರಿಗೆ ಹೋದರೇ ತಡವರಿಸುವವಳು.

ವನಜಕ್ಕ ನನಗಿಂತ ಒಂದು ಅಡಿ ಎತ್ತರ. ಅವಳ ಅಡುಗೆಮನೆಯಲ್ಲಿ ಒಳ್ಳೆಯದೆಲ್ಲ ಮೇಲಿನ ಕಪಾಟಿನಲ್ಲಿದೆ. ಸಂಜೆ ಚಕ್ಕುಲಿ ಡಬ್ಬಿ ತಾ ಎಂದಳು. ನಾನು ಅಭ್ಯಾಸಬಲದಿಂದ ಒಂದು ಕೈ ಕಿಟಕಿಯ ಸರಳಿಗೆ ಕೊಟ್ಟು ಒಲೆಕಟ್ಟೆಯ ಮೇಲೆ ನಿಂತೆ. ಅದೇ ಹೊತ್ತಿಗೆ ನೀರು ಕುಡಿಯಲು ಬಂದ ಭಾವ ಕಟ್ಟೆಯ ಮೇಲಿದ್ದ ನಾದಿನಿಯನ್ನು ಕಂಡು, ನೀರು ಕುಡಿಯದೆ ಹಿಂದಕ್ಕೆ ಹೋದರು.

“ಅಯ್ಯ, ನನ್ನ ಕರೀಬಾರದೇನ? ಬಿದ್ದ ಗಿದ್ದಿ!” ಎಂದು ವನಜಕ್ಕ ಕೂಗಿದಳು.

ಕರೆಯಬಹುದಿತ್ತು. ಆದರೆ ಗಿಡ್ಡರು ಕರೆಯುವುದಿಲ್ಲ, ಹತ್ತುತ್ತಾರೆ. ಬಸ್ಸಿನ ಮೆಟ್ಟಿಲು, ಬ್ಯಾಂಕಿನ ಕೌಂಟರು, ಮದುವೆಮನೆಯ ಅಟ್ಟ, ಎಲ್ಲವೂ ನಮಗೆ ಒಂದಿಷ್ಟು ಹತ್ತುವುದೇ. ಇದು ನನಗೆ ಹೊಳೆದದ್ದು ಊರಿಗೆ ಮರಳಿದ ಮೇಲೆ. ಆ ಸಂಜೆ ಸುಮ್ಮನೆ ಚಕ್ಕುಲಿ ತಿಂದೆ.

ಕೊಂಡಾಪುರದ ಆಚೆ, ಮೊದಲ ದಿನ

ಬೆಳಿಗ್ಗೆ ಮೆಟ್ರೊ ಹಿಡಿಯಲು ಹೋದರೆ ಸಾಮಾನು ತಪಾಸಣೆಯ ಯಂತ್ರದ ಬಾಯಿಗೆ ಗಾದಿ ಹಿಡಿಯಲಿಲ್ಲ. ಕಾವಲಿನ ಹೆಣ್ಣುಮಗಳು ಅದನ್ನು ನಾಲ್ಕು ಕಡೆ ಗುದ್ದಿ ನೋಡಿ, ಕೊನೆಗೆ ಅದರ ಮೇಲೆ ಒಮ್ಮೆ ಕೂತೂ ನೋಡಿ, “ಬಾಗುಂದಿ,” ಚೆನ್ನಾಗಿದೆ ಎಂದು ಒಳಗೆ ಬಿಟ್ಟಳು.

ಕೊಂಡಾಪುರದ ಗಾಜಿನ ಕಟ್ಟಡಗಳನ್ನು ದಾಟಿ ಆಟೊದಲ್ಲಿ ಇನ್ನಷ್ಟು ದೂರ ಹೋದ ಮೇಲೆ ಬಂಡೆಗಳು ಕಂಡವು. ನಾನು ಆಟೊ ನಿಲ್ಲಿಸಲು ಹೇಳುವುದನ್ನೇ ಮರೆತೆ. ನಮ್ಮ ಬಾದಾಮಿಯ ಬೆಟ್ಟ ಎದೆ ಸೆಟೆಸಿ ನಿಂತ ಗೋಡೆ. ಇಲ್ಲಿನವು ಗುಂಡಗೆ, ನುಣ್ಣಗೆ, ಒಂದರ ಮೇಲೊಂದು ಕೂತಿವೆ. ಯಾರೋ ಹರಳು ಆಡುತ್ತಿದ್ದವರು ಊಟಕ್ಕೆ ಕರೆದರೆಂದು ಆಟ ಅರ್ಧಕ್ಕೆ ಬಿಟ್ಟು ಎದ್ದು ಹೋದ ಹಾಗೆ. ಮನೆಯಷ್ಟು ದೊಡ್ಡ ಕಲ್ಲು ಅಂಗೈಯಷ್ಟು ಜಾಗದ ಮೇಲೆ ನಿಂತಿದೆ, ಅದರ ಹಿಂದೆಯೇ ಹದಿನೈದು ಮಹಡಿಯ ಅಪಾರ್ಟ್‌ಮೆಂಟಿನಲ್ಲಿ ಬಟ್ಟೆ ಒಣಗುತ್ತಿವೆ. ಇಷ್ಟು ಹಳೆಯದರ ಪಕ್ಕದಲ್ಲಿ ಜನ ಇಷ್ಟು ಸಲೀಸಾಗಿ ಬಟ್ಟೆ ಒಣಹಾಕುತ್ತಾರಲ್ಲ ಎಂದು ನೋಡುತ್ತ ನಿಂತೆ.

ನಾನು ಕೇಳಿ ಬಂದಿದ್ದ ಬಂಡೆಯ ಹೆಸರು ಆವಕಾಯ ಜಾಡಿ. ಉಪ್ಪಿನಕಾಯಿ ಜಾಡಿಯಂತೆಯೇ ಕೆಳಗೆ ಸಪೂರ, ನಡುವೆ ಹೊಟ್ಟೆ. ಅದರ ಹತ್ತಿರ ವಂಶಿ ಎಂಬ ಹುಡುಗನಿದ್ದ. ಹುಡುಗನೆಂದರೆ ಮೂವತ್ತರ ಹತ್ತಿರ, ಕೊಂಡಾಪುರದಲ್ಲಿ ಕೆಲಸ, ಆರಡಿಗೂ ಮೇಲೆ. ತುಂಬು ಮರ್ಯಾದೆಯಿಂದ ನನ್ನ ಗಾದಿಯನ್ನು ತಾನೇ ಹಾಸಿಕೊಟ್ಟು ದಾರಿ ತೋರಿಸಿದ. ಎದೆಮಟ್ಟದಲ್ಲಿ ಎರಡೂ ಕೈಗೆ ಒಂದು ಅಂಚು. ಅಲ್ಲಿಂದ ಬಹಳ ಮೇಲೆ, ಬಲಗಡೆ, ಇನ್ನೊಂದು ಹಿಡಿತ. ಬೆವರಿಗೆ ಕೈ ಜಾರದಿರಲೆಂದು ಹತ್ತುವವರು ಬಿಳಿ ಪುಡಿ ಹಚ್ಚಿಕೊಳ್ಳುತ್ತಾರೆ. ಎಷ್ಟೋ ಜನರ ಕೈಯ ಪುಡಿ ಕೂತು ಆ ಮೇಲಿನ ಹಿಡಿತ ದೀಪದ ಹಾಗೆ ಬೆಳ್ಳಗಿತ್ತು. ವಂಶಿ ಎಡಗಾಲ ಮೇಲೆ ನಿಂತು ಬಲಗೈ ಚಾಚಿದ. ಕಪಾಟಿನಿಂದ ಚಕ್ಕುಲಿ ಡಬ್ಬಿ ತೆಗೆದಷ್ಟೇ ಸುಲಭವಾಗಿ ಹಿಡಿತ ಸಿಕ್ಕಿತು.

ನಾನು ಚಾಚಿದೆ. ಒಂದು ಮೊಳ ಕಡಿಮೆ. ಹಾರಿದೆ, ಬಿದ್ದೆ. ಮತ್ತೆ ಹಾರಿದೆ, ಮತ್ತೆ ಬಿದ್ದೆ. ಮಧ್ಯಾಹ್ನದ ಹೊತ್ತಿಗೆ ಬೆರಳ ತುದಿಯ ಚರ್ಮ ಸುಲಿದಿತ್ತು. ಕಾಚಿಗೂಡದ ಹಿರಿಯರ ಮಾತು ನೆನಪಾಯಿತು.

“ಉದ್ದ ಇದ್ದೋರಿಗಷ್ಟೇ ಮಾಡಿಟ್ಟ ಕಲ್ಲಿದು,” ಎಂದು ಗೊಣಗಿದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಆದರೆ ನನ್ನ ನೆಲ ನಿಜವಾಗಿಯೂ ಡೊಂಕು ಎಂದು ಆ ದಿನ ನಾನು ಖಂಡಿತ ನಂಬಿದ್ದೆ. ನಂಬಿದ್ದರಿಂದ ಒಂದು ಸಮಾಧಾನವೂ ಆಯಿತು. ರೇಣುಕಾಳನ್ನು ಪಟ್ಟಿಯಿಂದ ಬಿಟ್ಟದ್ದು ಸರಿಯಾಯಿತು, ಆ ಮಗುವಿಗೆ ಈ ಅವಮಾನ ತಪ್ಪಿತು ಎಂದುಕೊಂಡೆ.

ಅದೇ ಜಾಗ, ಎರಡನೆಯ ದಿನ

ನನಗಿಂತ ಕುಳ್ಳಗಿರುವ ವಯಸ್ಕರು ಸಿಗುವುದು ನನ್ನ ಜೀವನದಲ್ಲಿ ಅಪರೂಪ. ಸಿಕ್ಕರೆ ಪಕ್ಕದಲ್ಲಿ ಹೋಗಿ ನಿಲ್ಲುವ ಚಟ ನನಗಿದೆ. ಮರುದಿನ ಸ್ಕೂಟರಿನಿಂದ ಇಳಿದ ಪ್ರಮೀಳಾಬಾಯಿಯವರ ಪಕ್ಕದಲ್ಲೂ ಹಾಗೇ ನಿಂತೆ. ನನಗಿಂತ ಎರಡು ಬೆರಳು ಕಡಿಮೆ. ವಯಸ್ಸು ಐವತ್ತು ದಾಟಿದೆ, ಸರ್ಕಾರಿ ಕಚೇರಿಯಲ್ಲಿ ನೌಕರಿ, ಹಣೆಗೆ ಅಚ್ಚುಕಟ್ಟಾದ ಕುಂಕುಮ. ಕೈಯಲ್ಲಿ ಊಟದ ಡಬ್ಬಿ, ಒಂದು ಕಾಲೊರಸಿನ ಬಟ್ಟೆ, ಒಂದು ಹಳೆಯ ಹಲ್ಲುಜ್ಜುವ ಬ್ರಷ್.

“ಬಾದಾಮಿಯವರೇನ್ರಿ? ನಮ್ಮಜ್ಜಾರು ರಾಯಚೂರಿನವರು. ನಾ ಹುಟ್ಟಿದ್ದು ಇಲ್ಲೇ ಕಾಚಿಗೂಡದಾಗ,” ಎಂದರು. ನಾನು ಬೀಳುವುದನ್ನು ಎರಡು ಸಲ ನೋಡಿ, “ಯಾಕ್ರಿ ಅಷ್ಟು ಹಾರಾಕತ್ತೀರಿ?” ಎಂದು ಕೇಳಿದರು.

“ಆ ಬಿಳಿ ಹಿಡಿತ ಎಟಕವಲ್ದು ನೋಡ್ರಿ.”

“ಅದು ನಿಮ್ದಲ್ಲ ಬಿಡ್ರಿ. ಅದು ವಂಶೀದು.”

ಹೀಗೆಂದವರೇ ಬ್ರಷ್ ಹಿಡಿದು ಬಂಡೆಯ ಮೇಲಿನ ಬಿಳಿ ಗುರುತುಗಳನ್ನು ಒಂದೊಂದಾಗಿ ಉಜ್ಜತೊಡಗಿದರು. ಎಟುಕದಿದ್ದ ಮೇಲಿನದನ್ನು ವಂಶಿಯ ಕೈಯಲ್ಲಿ ಉಜ್ಜಿಸಿದರು. ಹತ್ತಿ ಮುಗಿಸಿ ಹೋಗುವಾಗ ಕಲ್ಲನ್ನು ಉಜ್ಜಿ ಹೋಗುವುದು ನಮ್ಮವರ ಪದ್ಧತಿ, ಅದು ನನಗೂ ಗೊತ್ತು. ಆದರೆ ಹತ್ತುವ ಮೊದಲೇ ಅಳಿಸಿದವರನ್ನು ನಾನು ಕಂಡಿರಲಿಲ್ಲ.

“ಎಲ್ಲಾರೂ ಹೋಗಾಗ ಅಳಸ್ತಾರ್ರಿ. ನಾ ಬಂದ ಕೂಡ್ಲೆ ಅಳಸ್ತೀನಿ,” ಎಂದರು ಪ್ರಮೀಳಾಬಾಯಿ. “ಬೆಳ್ಳಗಿದ್ದದ್ದು ಕಂಡ್ರ ಕಣ್ಣು ಅಲ್ಲೇ ಹೋಗಿ ಕುಂಡರ್ತೈತಿ. ಬ್ಯಾರೆ ಕಲ್ಲು ಕಾಣಂಗs ಇಲ್ಲ. ಅಲ್ಲಿ ಪುಡಿ ಹಚ್ಚಿದವರು ಯಾರು? ಉದ್ದನ್ನೋರು. ನಾವು ಅವರ ದಾರಿ ಹುಡಕ್ತೀವಿ, ಸಿಗಲಿಲ್ಲಂತ ಅಳ್ತೀವಿ.”

ಗುರುತೆಲ್ಲ ಹೋದ ಮೇಲೆ ಬಂಡೆ ಬೇರೆಯದೇ ಆಗಿ ಕಂಡಿತು. ಅವರು ಒಂದು ಬದಿಗೆ ಹೋಗಿ, ಬೆಳಗಿನ ಓರೆ ಬಿಸಿಲಿನಲ್ಲಿ ಕಲ್ಲಿನ ಮೈಯನ್ನು ಬಹಳ ಹೊತ್ತು ನೋಡಿದರು. ಅಕ್ಕಿಯಲ್ಲಿ ಕಲ್ಲು ಆರಿಸುವವರು ಮೊರವನ್ನು ಓರೆ ಹಿಡಿದು ನೋಡುತ್ತಾರಲ್ಲ, ಹಾಗೆ. ಆಮೇಲೆ ಕಾಲೊರಸಿಗೆ ಬೂಟು ಒರೆಸಿ ಹತ್ತಿದರು.

ಏನು ಹೇಳಲಿ! ಕೈಯಿದ್ದ ಅಂಚಿನ ಮೇಲೆಯೇ, ತಮ್ಮ ಸೊಂಟಕ್ಕಿಂತ ಮೇಲೆ, ಬಲಗಾಲನ್ನು ತಂದಿಟ್ಟರು. ಮೈಯನ್ನು ಮಡಚಿ ಅಷ್ಟೂ ಭಾರವನ್ನು ಆ ಕಾಲಿನ ಮೇಲೆ ಮೆಲ್ಲಗೆ ಸುರಿದರು. ಕೈ ಎಳೆಯಲಿಲ್ಲ, ರೊಟ್ಟಿ ತಟ್ಟುವ ಅಂಗೈಯಂತೆ ಕೆಳಗೆ ಒತ್ತಿತು. ಮೇಲೆದ್ದರು. ಗೋಧಿ ಕಾಳಿನಷ್ಟು ಉಬ್ಬಿನ ಮೇಲೆ ಎಡಗಾಲಿನ ತುದಿ. ಇನ್ನೊಂದು ಒತ್ತು. ನಾನು ಎರಡು ದಿನ ನೋಡಿಯೂ ಕಾಣದ ಒಂದು ಸಣ್ಣ ಗೀರಿನಲ್ಲಿ ಮೂರು ಬೆರಳು. ವಂಶಿ ಒಂದು ಚಾಚಿಗೆ ದಾಟಿದ ಜಾಗವನ್ನು ಅವರು ಐದು ಹೆಜ್ಜೆಯಲ್ಲಿ ದಾಟಿ, ಆ ಮೇಲಿನ ಹಿಡಿತವನ್ನು ಮುಟ್ಟದೆಯೇ ಜಾಡಿಯ ನೆತ್ತಿಯ ಮೇಲೆ ನಿಂತರು. ನನ್ನ ಕಣ್ಣು ತುಂಬಿಕೊಂಡವು, ಅದನ್ನು ಹೇಳಿಕೊಳ್ಳಲು ನಾಚಿಕೆಯಿಲ್ಲ.

ವಂಶಿಗೂ ಹುಮ್ಮಸ್ಸು ಬಂದು ಅವರ ದಾರಿಯಲ್ಲೇ ಪ್ರಯತ್ನಿಸಿದ. ಆ ಉದ್ದನೆಯ ಕಾಲು ಮಡಚಿ ಅಲ್ಲಿಗೆ ತರುವಷ್ಟರಲ್ಲಿ ಮೊಣಕಾಲು ಗದ್ದಕ್ಕೆ ಬಡಿದು ಗಾದಿಯ ಮೇಲೆ ಬಿದ್ದ. “ನಾ ವಲ್ಲ ಕಾದು ಮೇಡಂ,” ತನ್ನಿಂದಾಗದು ಎಂದು ಕೈ ಮುಗಿದ. ಗದ್ದ ಉಜ್ಜಿಕೊಳ್ಳುತ್ತ ತನ್ನ ದುಃಖವನ್ನೂ ಹೇಳಿಕೊಂಡ. ತಾನು ಏನೇ ಹತ್ತಿದರೂ ಎಲ್ಲರೂ “ನೀನು ಉದ್ದ, ನಿನಗೇನು” ಎನ್ನುತ್ತಾರಂತೆ. ಹತ್ತಿದವನು ತಾನು, ಹೆಸರು ಮಾತ್ರ ಕಾಲಿಗೆ.

“ನನಗೇನು ಕಡಿಮಿ ಅಂತಾರೇನು?” ಪ್ರಮೀಳಾಬಾಯಿ ನಕ್ಕರು. “ಹಗರ ಅದೀರಿ, ಬೆರಳು ಸಣ್ಣ ಅದಾವ, ನಿಮಗೇನ್ರಿ ಅಂತಾರ. ಅಂತೂ ಯಾರಿಗೂ ಪೂರಾ ಮಾರ್ಕ್ಸ್ ಇಲ್ಲ.”

ಊಟದ ಡಬ್ಬಿ ಬಿಚ್ಚುವಾಗ ನಾನು ಉತ್ಸಾಹದಿಂದ, ಹಾಗಾದರೆ ಎತ್ತರಕ್ಕೆ ಬೆಲೆಯೇ ಇಲ್ಲ ಎಂದೆ. ಅವರು ಒಪ್ಪಲಿಲ್ಲ. ಆಚೆಗಿದ್ದ ನುಣುಪಾದ ಬಂಡೆಯೊಂದನ್ನು ಚಮಚೆಯಿಂದ ತೋರಿಸಿ, “ಅದು ನನಗ ಬರಂಗಿಲ್ಲ. ನಡಕ ಏನೂ ಇಲ್ಲ, ಬರೇ ಕಲ್ಲು. ಭಾಳ ವರ್ಷ ನೋಡಿದೆ. ಸುಳ್ಳ್ಯಾಕ ಹೇಳ್ಲಿ?” ಎಂದರು. “ಆದ್ರ ಅದು ಬರಂಗಿಲ್ಲಂತ ನಾ ಹೇಳಬೇಕ್ರಿ, ಮುಟ್ಟಿ ನೋಡಿದ ಮ್ಯಾಲೆ. ನೆಲದ ಮ್ಯಾಲೆ ನಿಂತ ಇನ್ನೊಬ್ರು ಹೇಳಬಾರದು.”

ನಾನು ಚಟ್ನಿ ಕಲಸಿಕೊಳ್ಳುತ್ತಿದ್ದೆ. ಕಣ್ಣಲ್ಲಿ ಬಂದ ನೀರಿಗೆ ಅದರ ಖಾರ ಒಳ್ಳೆಯ ನೆವವಾಯಿತು.

ಜಾಡಿಯ ನೆತ್ತಿ, ಮೂರನೆಯ ದಿನ

ಕೊನೆಯ ಬೆಳಿಗ್ಗೆ ನಾನೇ ಬ್ರಷ್ ಹಿಡಿದೆ. ಅಳಿಸಿದೆ. ಓರೆಯಾಗಿ ನೋಡಿದೆ. ಪ್ರಮೀಳಾಬಾಯಿಯವರ ದಾರಿಯೂ ನನಗೆ ಪೂರ್ತಿ ಒಗ್ಗಲಿಲ್ಲ, ಅವರ ಸೊಂಟ ನನ್ನದಕ್ಕಿಂತ ಸಡಿಲ. ಒಂದು ಕಡೆ ನಾನು ಮೊಣಕಾಲನ್ನೇ ಊರಿದೆ. ಯಾವ ಗುರುವೂ ಮೆಚ್ಚದ ಹೆಜ್ಜೆ ಅದು. ಕೈಯಿಂದ ಎಳೆದು ಹತ್ತುವುದನ್ನು ಕಲಿಸಿದ್ದು ನಮ್ಮ ಕೆಂಪು ಕಲ್ಲು. ಈ ಬೂದು ಕಲ್ಲು ಕಾಲನ್ನು ನಂಬು ಎಂದಿತು. ನಂಬಿದೆ. ಏಳನೆಯ ಸಲಕ್ಕೆ ಮೊಣಕಾಲಿನ ಚರ್ಮವನ್ನು ಅಲ್ಲೇ ಬಿಟ್ಟು ಜಾಡಿಯ ಮೇಲೆ ಹೊಟ್ಟೆಯಡಿಯಾಗಿ ಹೊರಳಿದೆ.

ಮೇಲಿಂದ ಕಂಡ ಹೈದರಾಬಾದ್! ಕಟ್ಟಡಗಳ ನಡುವೆ, ರಸ್ತೆಯ ತಿರುವಿನಲ್ಲಿ, ಯಾರದೋ ಕಾಂಪೌಂಡಿನೊಳಗೆ, ಎಲ್ಲೆಲ್ಲೂ ಬೂದು ಬಂಡೆಗಳು ಬಿಸಿಲು ಕಾಯಿಸುತ್ತ ಕೂತಿದ್ದವು. ಸಾವಿರಾರು ಜನ ಅವುಗಳ ಪಕ್ಕದಲ್ಲೇ ತಮ್ಮ ಪಾಡಿಗೆ ಓಡಾಡುತ್ತಿದ್ದರು. ಇಷ್ಟು ದೊಡ್ಡದರ ಮೇಲೆ ಇಷ್ಟು ಸಣ್ಣವಳು ನಿಂತಿದ್ದೇನೆ ಎನ್ನಿಸಿ ನನಗೆ ನಗು ತಡೆಯಲಾಗಲಿಲ್ಲ.

ನನ್ನ ಹಿಂದೆಯೇ ಹತ್ತಿ ಬಂದ ಪ್ರಮೀಳಾಬಾಯಿ ಪಕ್ಕದಲ್ಲಿ ಕೂತರು. ಸಂತೋಷಕ್ಕೆ ನಾಲಿಗೆ ಸಡಿಲಾಯಿತು. ನನ್ನ ಹುಡುಗಿಯರ ಬಗ್ಗೆ ಹೇಳಿದೆ, ಶೆಡ್ಡಿನ ಗೆರೆಯ ಬಗ್ಗೆಯೂ ಹೇಳಿದೆ. ಅದಕ್ಕೊಂದು ಕಾರಣವೂ ಇತ್ತು. ಹಿಂದೊಮ್ಮೆ ಗಿಡ್ಡ ಹುಡುಗಿಯೊಬ್ಬಳನ್ನು ಸ್ಪರ್ಧೆಗೆ ಕರೆದುಕೊಂಡು ಹೋಗಿದ್ದೆ. ಅಲ್ಲಿನ ಗೋಡೆಯಲ್ಲಿ ಹಿಡಿತಗಳು ದೂರ ದೂರ. ಅವಳು ನೇತಾಡಿ ಬಿದ್ದಾಗ ಕೆಳಗಿದ್ದವರು “ಸ್ಟೂಲ್ ತರ್ರೋ” ಎಂದು ನಕ್ಕಿದ್ದರು. ಆ ಹುಡುಗಿ ಮತ್ತೆ ಬಂಡೆ ಮುಟ್ಟಲಿಲ್ಲ. ಇನ್ನೊಬ್ಬಳಿಗೆ ಹಾಗಾಗಬಾರದೆಂದು ಗೆರೆ ಎಳೆದೆ. ಕರುಣೆಯಿಂದಲೇ ಎಳೆದೆ.

ಪ್ರಮೀಳಾಬಾಯಿ ಎಲ್ಲ ಕೇಳಿ, ಸಹಜವಾಗಿ ಒಂದೇ ಪ್ರಶ್ನೆ ಕೇಳಿದರು. “ಆ ಗೆರಿ ನಿಮಗ ಎಟಕ್ತೈತೇನ್ರಿ?”

ನಾನು ಸುಲಿದ ಮೊಣಕಾಲು ಒರೆಸಿಕೊಂಡೆ. ಎಟುಕುವುದಿಲ್ಲ. ನನಗೆ ನಾಲ್ಕು ಬೆರಳು ಕಡಿಮೆ. ಆ ಗೆರೆಯನ್ನು ನಾನು ಸ್ಟೂಲಿನ ಮೇಲೆ ನಿಂತು ಎಳೆದಿದ್ದೆ.

ಇಳಿಯುವ ಮೊದಲು ಅವರು ತಮ್ಮ ಹಳೆಯ ಬ್ರಷ್ಷನ್ನು ನನ್ನ ಪುಡಿಚೀಲಕ್ಕೆ ಸಿಕ್ಕಿಸಿದರು. “ಇಟಗೋರಿ. ನನ್ನ ಹತ್ರ ಇನ್ನೊಂದೈತಿ,” ಎಂದರು. ಉಪ್ಪಲ್ಲಿಗೆ ಮರಳುವಾಗ ಮೆಟ್ರೊದಲ್ಲಿ ಗಾದಿಯನ್ನು ಅಪ್ಪಿಕೊಂಡು ಕೂತಿದ್ದೆ. ಕೆಳಗೆ ನಿಂತು ನನ್ನನ್ನು ನೋಡಿ ನಕ್ಕವರು ಎಷ್ಟೋ ಜನ. ಅವರನ್ನೆಲ್ಲ ಹೆಸರು ಹಿಡಿದು ಬೈಯಬಲ್ಲೆ. ಅವರ ಸಾಲಿನಲ್ಲಿ ನಾನೂ ನಿಂತಿದ್ದೆ ಎಂಬುದನ್ನು ತಿಳಿಯಲು ಇಷ್ಟು ದೂರ ಬರಬೇಕಾಯಿತು.

ಬಾದಾಮಿ, ಸೋಮವಾರ

ಪ್ರಾರ್ಥನೆಯ ಗಂಟೆಗೆ ಮೊದಲೇ ಶೆಡ್ಡಿಗೆ ಹೋದೆ. ಒಂದು ಕೈಯಲ್ಲಿ ಸ್ಟೂಲು, ಇನ್ನೊಂದರಲ್ಲಿ ಬ್ರಷ್. ಬಾಗಿಲಿನಿಂದ ಓರೆ ಬಿಸಿಲು ಗೋಡೆಗೆ ಬಿದ್ದಿತ್ತು. ಎರಡು ದಿನದ ಅಭ್ಯಾಸ ಹೋಗುವುದೇ? ಬದಿಗೆ ನಿಂತು ನೋಡಿದೆ.

ಗೆರೆಯಿಂದ ಒಂದು ಗೇಣು ಕೆಳಗೆ ಬೆರಳ ತುದಿಗಳ ಗುರುತುಗಳಿದ್ದವು. ಹತ್ತಾರು. ಬಿಳಿ ಪುಡಿ ಹಚ್ಚಿದ ಸಣ್ಣ ಬೆರಳುಗಳು, ಒಂದರ ಮೇಲೊಂದು, ಕೆಲವು ಒಂದು ಕೂದಲೆಳೆಯಷ್ಟು ಮೇಲೆ, ಕೆಲವು ಮತ್ತೆ ಕೆಳಗೆ. ದಿನಾ ಈ ಗೋಡೆಯ ಮುಂದೆ ಓಡಾಡುವವಳು ನಾನು. ಗೆರೆಯನ್ನು ಬಿಟ್ಟು ಅದರ ಕೆಳಗೆ ಒಮ್ಮೆಯೂ ನೋಡಿರಲಿಲ್ಲ.

ಹಿಂದೆ ಚಪ್ಪಲಿಯ ಸದ್ದಾಯಿತು. ರೇಣುಕಾ. ನನ್ನನ್ನು ಕಂಡು ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡಳು.

“ಇವು ನಿನ್ನವೇನು?” ಎಂದೆ.

“ಹೌದ್ರಿ ಟೀಚರ್. ದಿನಾ ಮುಂಜಾನೆ ನೋಡ್ತೀನ್ರಿ, ಬೆಳದೀನೇನಂತ.”

“ಯಾವಾಗಿಂದ?”

“ಹೋದ ವರ್ಷದಿಂದ್ರಿ.”

ಬ್ರಷ್ಷನ್ನು ಅವಳ ಕೈಗೆ ಕೊಟ್ಟೆ. “ಗೆರಿ ಅಳಸು,” ಎಂದೆ.

ಅವಳು ಗೋಡೆ ನೋಡಿದಳು, ನನ್ನನ್ನು ನೋಡಿದಳು. “ನನಗ ಎಟಕಂಗಿಲ್ಲಲ್ರಿ ಟೀಚರ್.”

“ನನಗೂ ಎಟಕಂಗಿಲ್ಲ.”

ರೇಣುಕಾ ನನ್ನನ್ನು ಕಾಲಿನಿಂದ ತಲೆಯವರೆಗೆ ಮೊದಲ ಸಲ ಅಳೆಯುವಂತೆ ನೋಡಿದಳು. “ಹಂಗಾರ ಇದನ್ನ ಎಳದವರು ಯಾರ್ರಿ?”

“ನಾನs. ಈ ಸ್ಟೂಲಿನ ಮ್ಯಾಲೆ ನಿಂತು ಎಳದೆ. ತಪ್ಪಾತು,” ಎಂದೆ. “ನೀ ಹತ್ತು. ನಾ ಹಿಡಕೊಂಡಿರ್ತೀನಿ.”

ಅವಳು ಹತ್ತಿದಳು, ಎಂದಿನಂತೆ ಸದ್ದಿಲ್ಲದೆ. ನಾನು ಸ್ಟೂಲಿನ ಕಾಲು ಹಿಡಿದು ಕೂತೆ. ಮೇಲಿನಿಂದ ಬಿಳಿ ಪುಡಿ ನನ್ನ ತಲೆಯ ಮೇಲೆ ಉದುರುತ್ತಿತ್ತು. ಐದನೆಯ ಹೆಸರನ್ನು ಬೆಳಿಗ್ಗೆ ಮನೆಯಲ್ಲೇ ಬರೆದಾಗಿತ್ತು, ಅದನ್ನು ಅವಳಿಗಿನ್ನೂ ಹೇಳಿರಲಿಲ್ಲ. ಗೆರೆ ಪೂರ್ತಿ ಹೋದ ಮೇಲೆ ಅವಳು ಇಳಿದು, ಕೆಳಗಿನ ಬೆರಳ ಗುರುತುಗಳಿಗೂ ಬ್ರಷ್ ಹಾಕಲು ಹೋದಳು. ಅವನ್ನು ಮಾತ್ರ ನಾನು ಅಳಿಸಗೊಡಲಿಲ್ಲ.